ಷರತ್ತುಗಳು ಅನ್ವಯಿಸುತ್ತವೆ

ಹತ್ತು ರೂಪಾಯಿ ಕೊಟ್ಟು ಮೊಬೈಲಿಗೆ ಟಾಪ್‌ಅಪ್ ಹಾಕಿಸಿಕೊಂಡರೆ ಮಾತನಾಡಲು ಸಿಗುವುದು 7 ರೂಪಾಯಿ 47 ಪೈಸೆ. ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ರೀಚಾರ್ಜ್ ಅಂಗಡಿಯ ಮುಂದೆ ನಿಲ್ಲುವ ಹುಡುಗ, ಉಳಿದ ಎರಡೂವರೆ ರೂಪಾಯಿ ಎಲ್ಲಿ ಹೋಯಿತೆಂದು ಕೇಳಿದರೆ ಅಂಗಡಿಯವನು ‘ಕಂಪೆನಿಯವರು ಕಟ್ ಮಾಡ್ಕೋತಾರೆ’ ಎಂದಷ್ಟೇ ಹೇಳಿಯಾನು. ಅದಕ್ಕಿಂತ ಹೆಚ್ಚು ಅವನಿಗೂ ತಿಳಿಯದು. ಲೆಕ್ಕವೇನೋ ಇದೆ. ಶೇ. 18ರ ಜಿಎಸ್‌ಟಿ ಆ ಹತ್ತು ರೂಪಾಯಿಯ ಹೊಟ್ಟೆಯೊಳಗೇ ಸೇರಿದೆ. ಅದನ್ನು ಕಳೆದರೆ 8 ರೂ. 47 ಪೈಸೆ. ಜೊತೆಗೆ ‘ಸಂಸ್ಕರಣಾ ಶುಲ್ಕ’ವೆಂದು ಮುಖಬೆಲೆಯ ಶೇ. 10 ಅಥವಾ 3 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಹಿಡಿದುಕೊಳ್ಳಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೇ (ಟ್ರಾಯ್) ಅವಕಾಶ ಕೊಟ್ಟಿದೆ. ಅಲ್ಲಿಗೆ ಇನ್ನೊಂದು ರೂಪಾಯಿ ಹೋಯಿತು. ಇದರಲ್ಲಿ ಮೋಸವೇನೂ ಇಲ್ಲ, ಎಲ್ಲವೂ ಕಾನೂನಿಗೆ ಒಪ್ಪಿತವಾದದ್ದೇ. ಆದರೆ ಕಾನೂನು ಒಪ್ಪಿದ ಲೆಕ್ಕವೇ ಹತ್ತು ರೂಪಾಯಿ ಕೊಟ್ಟವನಿಗೆ ಅರ್ಥವಾಗದಿದ್ದರೆ, ಕಾನೂನು ಒಪ್ಪದ ಲೆಕ್ಕಗಳು ಅವನ ಕಣ್ಣಿಗೆ ಬೀಳುವುದಾದರೂ ಹೇಗೆ?

ಟೆಲಿಫೋನ್ ಬಿಲ್ಲಿನ ಜಗಳ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. ಹಳೇ ಮದರಾಸು ರಸ್ತೆಯಲ್ಲಿ ಕೆ.ಆರ್. ಪುರ ದಾಟುವ ಮುನ್ನ ಸಿಗುವ ದೂರವಾಣಿನಗರ ತನ್ನ ಹೆಸರಿನಲ್ಲೇ ಆ ಹಳೆಯ ಕಾಲವನ್ನು ಉಳಿಸಿಕೊಂಡಿದೆ. 1948ರಲ್ಲಿ ಅಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ದೇಶಕ್ಕೆಲ್ಲ ಕಪ್ಪು ಫೋನುಗಳನ್ನೂ ಎಕ್ಸ್‌ಚೇಂಜುಗಳನ್ನೂ ಮಾಡಿಕೊಟ್ಟಿತು. ಆ ಕಾಲದಲ್ಲಿ ಫೋನನ್ನು ಯಾರೂ ಮನೆಬಾಗಿಲಿಗೆ ತಂದು ಮಾರುತ್ತಿರಲಿಲ್ಲ. ಅರ್ಜಿ ಗುಜರಾಯಿಸಿ, ಠೇವಣಿ ಕಟ್ಟಿ, ವರ್ಷಗಟ್ಟಲೆ ಕಾದು ಕುಳಿತವರ ಮನೆಗೆ ಅದು ಬರುತ್ತಿತ್ತು. ಮಾರಾಟದ ಮರುಳುಮಾತಿಗೆ ಆಸ್ಪದವೇ ಇರಲಿಲ್ಲ. ಆದರೂ ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲು ಕೆಲವೊಮ್ಮೆ ಮನೆಮಂದಿಯ ಎದೆ ಒಡೆಯುತ್ತಿತ್ತು.

ಕಾರಣ ಸರಳ. ಕರೆಗಳನ್ನು ಎಣಿಸುವ ಮೀಟರು ಇದ್ದದ್ದು ಎಕ್ಸ್‌ಚೇಂಜಿನ ಗೋಡೆಯ ಮೇಲೆ. ವಿದ್ಯುತ್ ಮೀಟರಿನ ಹಾಗೆ ಅದು ಮನೆಯ ಜಗುಲಿಯಲ್ಲಿ ಇರುತ್ತಿರಲಿಲ್ಲ. ಸಾಲುಸಾಲು ಮೀಟರುಗಳ ಛಾಯಾಚಿತ್ರ ತೆಗೆದು, ಅದರಿಂದ ಅಂಕಿಗಳನ್ನು ಎತ್ತಿಕೊಂಡು ಬಿಲ್ಲು ಬರೆಯುತ್ತಿದ್ದರು. ಚಂದಾದಾರ ಆ ಮೀಟರನ್ನು ಜನ್ಮದಲ್ಲಿ ಕಂಡವನಲ್ಲ. ನಡುವೆ ಕಂಬದ ಡಬ್ಬಿಯಲ್ಲಿ ಯಾರಾದರೂ ತಂತಿ ಕೂಡಿಸಿ ಅವನ ಲೆಕ್ಕದಲ್ಲಿ ಮುಂಬಯಿಗೆ ಮಾತನಾಡಿದ್ದರೆ ಅದನ್ನು ಸಾಬೀತುಪಡಿಸುವ ಹೊರೆಯೂ ಅವನ ತಲೆಯ ಮೇಲೇ. ಇಲಾಖೆಯೂ ಈ ತಾಪತ್ರಯವನ್ನು ಅರಿತು, ದೂರು ಕೊಟ್ಟವರಿಂದ ಹಿಂದಿನ ಬಿಲ್ಲುಗಳ ಸರಾಸರಿಗೆ ಶೇ. 10 ಸೇರಿಸಿ ಸದ್ಯಕ್ಕೆ ಕಟ್ಟಿಸಿಕೊಳ್ಳುವ ಒಂದು ಪದ್ಧತಿಯನ್ನು ಇಟ್ಟುಕೊಂಡಿತ್ತು. ಸೇವೆಯನ್ನು ಮಾರುವವನೂ ಲೆಕ್ಕ ಬರೆಯುವವನೂ ಒಬ್ಬನೇ ಎಂಬುದು ಟೆಲಿಫೋನ್ ವ್ಯವಹಾರದ ಮೂಲ ಗುಣ. ಮುಂದೆ ಬಂದ ಎಲ್ಲ ತಕರಾರುಗಳ ಬೇರೂ ಅಲ್ಲಿದೆ.

ಈ ಚರಿತ್ರೆಯಲ್ಲಿ ಗ್ರಾಹಕ ತನ್ನ ಲೆಕ್ಕವನ್ನು ತಾನೇ ಕಣ್ಣಾರೆ ಕಂಡದ್ದು ಎಸ್‌ಟಿಡಿ ಬೂತಿನಲ್ಲಿ ಮಾತ್ರ. 1980ರ ದಶಕದ ಕೊನೆಯಿಂದ ಊರೂರಿಗೆ ಹಬ್ಬಿದ ಆ ಹಳದಿ ಫಲಕದ ಗೂಡುಗಳಲ್ಲಿ ಮಾತನಾಡುವವನ ಎದುರಿಗೇ ಕೆಂಪು ಅಂಕಿಗಳು ಓಡುತ್ತಿದ್ದವು. ಕಿಸೆಯಲ್ಲಿ ಇಪ್ಪತ್ತು ರೂಪಾಯಿ ಇದ್ದರೆ ಅಂಕಿ ಹದಿನೆಂಟು ದಾಟುತ್ತಲೇ ‘ಆಯ್ತು, ಇಡ್ತೀನಿ’ ಎನ್ನಬಹುದಿತ್ತು. ರಾತ್ರಿ ಹನ್ನೊಂದರ ಮೇಲೆ ಕಾಲು ದರವೆಂದು ಸಾಲುಗಟ್ಟಿ ನಿಲ್ಲುತ್ತಿದ್ದ ಜನಕ್ಕೆ ದರಪಟ್ಟಿ ಬಾಯಿಪಾಠವಾಗಿತ್ತು. ಕಿಸೆಯ ಫೋನು ಬಂದದ್ದೇ ಆ ಕೆಂಪು ಅಂಕಿಗಳು ಮಾಯವಾದವು.

ಕಿಸೆಗೆ ಬಂದ ಫೋನು

ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್‌ರಾಮ್ ಅವರೊಡನೆ ದೇಶದ ಮೊದಲ ಮೊಬೈಲ್ ಕರೆಯಲ್ಲಿ ಮಾತನಾಡಿದ್ದು 1995ರ ಜುಲೈ 31ರಂದು. ಆಗಿನ ಧೋರಣೆಯಂತೆ ಒಂದೊಂದು ವಲಯಕ್ಕೆ ಇಬ್ಬರು ಖಾಸಗಿಯವರಿಗಷ್ಟೇ ಪರವಾನಗಿ. ಕರ್ನಾಟಕದಲ್ಲಿ ಆ ಇಬ್ಬರು ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್. ಜೆಟಿ ಮೊಬೈಲ್ಸನ್ನು 1999ರಲ್ಲಿ ಭಾರ್ತಿ ಕೊಂಡಿತು. ಸ್ಪೈಸ್ 2008ರಲ್ಲಿ ಐಡಿಯಾದ ಪಾಲಾಯಿತು. ಆರಂಭದ ದಿನಗಳಲ್ಲಿ ಕರೆಯ ದರ ನಿಮಿಷಕ್ಕೆ ಸುಮಾರು 16 ರೂಪಾಯಿಯ ವರೆಗೂ ಇತ್ತು, ಅದೂ ಬರುವ ಕರೆಗೂ ಸೇರಿ! ಮನೆಗೆ ಬಂದ ಅತಿಥಿಯ ಆಟೋ ಬಾಡಿಗೆಯನ್ನು ಮನೆಯವರೇ ಕೊಟ್ಟ ಹಾಗೆ. ‘ಮಿಸ್ಡ್ ಕಾಲ್’ ಎಂಬ, ಒಂದು ಪೈಸೆಯೂ ಖರ್ಚಿಲ್ಲದ ಭಾಷೆಯನ್ನು ನಮ್ಮ ಜನ ಕಂಡುಕೊಂಡದ್ದು ಇಂಥ ದರಗಳ ದೆಸೆಯಿಂದ. ಬರುವ ಕರೆಯ ಶುಲ್ಕ ತೊಲಗಿದ್ದು 2003ರ ಮೇ 1ರಂದು.

ಅಷ್ಟರಲ್ಲಿ ಬೆಂಗಳೂರಿನ ಅಂಚುಗಳು ಬದಲಾಗಿದ್ದವು. ಕಿಯೋನಿಕ್ಸ್ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಕಟ್ಟಲು ಹೊರಟ ಎಲೆಕ್ಟ್ರಾನಿಕ್ಸ್ ಸಿಟಿ ತುಂಬಿಕೊಂಡಿತ್ತು. ಆಂಗ್ಲೋ ಇಂಡಿಯನ್ನರು ಹತ್ತೊಂಬತ್ತನೆಯ ಶತಮಾನದಲ್ಲಿ ನೆಲೆಮಾಡಿಕೊಂಡ ವೈಟ್‌ಫೀಲ್ಡ್ ಬಳಿ ಐಟಿಪಿಎಲ್‌ನ ಗಾಜಿನ ಕಟ್ಟಡಗಳು ಎದ್ದಿದ್ದವು. ತಿಂಗಳು ತಪ್ಪದೆ ಸಂಬಳ ಬರುವ, ಮನೆಯಿಂದ ದೂರವಿರುವ, ಕರಾರುಪತ್ರ ಓದಲು ಪುರುಸೊತ್ತಿಲ್ಲದ ಸಾವಿರಾರು ಯುವಕ ಯುವತಿಯರು ಒಂದೇ ಆವರಣದಲ್ಲಿ ಸಿಗುವುದೆಂದರೆ ಪೋಸ್ಟ್‌ಪೇಯ್ಡ್ ಮಾರುವವರಿಗೆ ಅದಕ್ಕಿಂತ ಒಳ್ಳೆಯ ಸಂತೆ ಯಾವುದು?

2002ರ ಡಿಸೆಂಬರ್ 28ರಂದು ರಿಲಯನ್ಸ್ ಇನ್ಫೋಕಾಮ್ ಕಣಕ್ಕಿಳಿಯಿತು. ಮರುವರ್ಷದ ಮಳೆಗಾಲದಲ್ಲಿ ‘ಮಾನ್ಸೂನ್ ಹಂಗಾಮ’ ಎಂಬ ಹೆಸರಿನಲ್ಲಿ 501 ರೂಪಾಯಿಗೆ ಕೈಗೆ ಫೋನು ಕೊಟ್ಟಿತು. ಫೋನಿನ ನಿಜವಾದ ಬೆಲೆ ಮುಂದಿನ ತಿಂಗಳುಗಳ ಬಿಲ್ಲಿನಲ್ಲಿ ಕಂತುಕಂತಾಗಿ ಬರುವುದಿತ್ತು. ಕೊಂಡವರ ಕಿವಿಗೆ ಬಿದ್ದದ್ದು 501 ಮಾತ್ರ. ವರ್ಷಗಳ ಒಪ್ಪಂದಕ್ಕೆ ತಾವು ಸಹಿ ಹಾಕಿದ್ದೇವೆಂಬುದು ಎಷ್ಟೋ ಮಂದಿಗೆ ಮನದಟ್ಟಾಗಲಿಲ್ಲ. ಕಟ್ಟದೆ ಉಳಿದ ಬಿಲ್ಲುಗಳು ರಾಶಿ ಬಿದ್ದು ಕಂಪೆನಿಗೇ ತಲೆನೋವಾದವು. ಇಲ್ಲಿ ಯಾರು ಯಾರನ್ನು ಏಮಾರಿಸಿದರೆಂದು ಹೇಳುವುದು ಕಷ್ಟ. ಅಗ್ಗದ ಮುಂಗಡವನ್ನು ದೊಡ್ಡಕ್ಷರದಲ್ಲೂ ಕರಾರನ್ನು ಸಣ್ಣಕ್ಷರದಲ್ಲೂ ಅಚ್ಚುಮಾಡುವ ಪದ್ಧತಿ ಮಾತ್ರ ಅಲ್ಲಿಂದ ಬೇರೂರಿತು. ‘ಷರತ್ತುಗಳು ಅನ್ವಯಿಸುತ್ತವೆ’ ಎಂಬ ಮಾತು ಕನ್ನಡದ ಜಾಹೀರಾತುಗಳಲ್ಲಿ ನಿತ್ಯದ ನುಡಿಗಟ್ಟಾಯಿತು. ಆ ನುಡಿಗಟ್ಟಿನ ತಲೆಯ ಮೇಲೊಂದು ಪುಟ್ಟ ನಕ್ಷತ್ರ ಬೇರೆ.

ಕೊಡೆಯ ಕೆಳಗಿನ ವ್ಯಾಪಾರ

ಕಚೇರಿಯ ಕ್ಯಾಂಟೀನಿನ ಪಕ್ಕದಲ್ಲೋ ಗೇಟಿನ ಹೊರಗೋ ದೊಡ್ಡ ಕೊಡೆ ಬಿಡಿಸಿ, ಮೇಜು ಹಾಕಿ ಸಿಮ್ ಮಾರುವ ಹುಡುಗರನ್ನು ಈ ಪ್ರದೇಶಗಳಲ್ಲಿ ನೋಡದವರು ಕಡಿಮೆ. ಅವರಲ್ಲಿ ಹೆಚ್ಚಿನವರು ಕಂಪೆನಿಯ ನೌಕರರಲ್ಲ, ಏಜೆನ್ಸಿಯವರು. ಇಷ್ಟು ಸಂಪರ್ಕ ಚಾಲೂ ಆದರೆ ಇಷ್ಟು ಕಮಿಷನ್ನು ಎಂಬುದು ಅವರ ಜೀವನ. ಮಾತು ಕೊಡುವವನು ಒಬ್ಬ, ಬಿಲ್ಲು ಮಾಡುವವನು ಇನ್ನೊಬ್ಬ ಎಂಬ ಸ್ಥಿತಿ ಹೀಗೆ ಹುಟ್ಟುತ್ತದೆ. ‘ರೋಮಿಂಗ್ ಪೂರ್ತಿ ಫ್ರೀ ಸಾರ್’ ಎಂದು ಬಾಯಲ್ಲಿ ಹೇಳಿದ್ದು ಅರ್ಜಿಯಲ್ಲಿ ಇರುವುದಿಲ್ಲ. ಮೊದಲ ಬಿಲ್ಲು ಬರುವ ಹೊತ್ತಿಗೆ ಕೊಡೆಯೂ ಇಲ್ಲ, ಹುಡುಗನೂ ಇಲ್ಲ.

ಆ ಮೊದಲ ಬಿಲ್ಲೇ ಒಂದು ಒಗಟು. ತಿಂಗಳ ನಡುವೆ ಸೇರಿದವನಿಗೆ ಕಳೆದ ಅರ್ಧ ತಿಂಗಳ ಬಾಡಿಗೆಯ ಜೊತೆಗೆ ಮುಂದಿನ ತಿಂಗಳ ಬಾಡಿಗೆಯನ್ನೂ ಮುಂಗಡವಾಗಿ ಹಾಕುವ ಪದ್ಧತಿ ಹಲವು ಯೋಜನೆಗಳಲ್ಲಿತ್ತು. 399 ಎಂದು ಕೇಳಿಸಿಕೊಂಡವನಿಗೆ ತೆರಿಗೆ ಸೇರಿ ಆರುನೂರರ ಮೇಲೆ ಬಿಲ್ಲು ಬಂದರೆ ಅವನು ಹೌಹಾರದೆ ಇರುತ್ತಾನೆಯೆ? ಇನ್ನು ಕಂಪೆನಿ ನೌಕರರಿಗೆಂದೇ ಕೊಡುವ ರಿಯಾಯಿತಿ ಯೋಜನೆಗಳಿಗೆ ಬೇರೊಂದು ಗುಣವಿದೆ. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಕೆಲಸ ಬದಲಾಯಿಸುವುದು ಅಂಗಿ ಬದಲಾಯಿಸಿದಷ್ಟೇ ಸಲೀಸು. ಕೆಲಸ ಬಿಟ್ಟಾಗ ನಂಬರು ಅವನ ಜೊತೆ ಹೋಗುತ್ತದೆ, ರಿಯಾಯಿತಿ ಹಿಂದೆಯೇ ಉಳಿಯುತ್ತದೆ.

ದಕ್ಷಿಣದ ಅಂಚಿನಲ್ಲಿ ಭೂಗೋಳವೇ ಬಿಲ್ಲು ಬರೆಯುತ್ತಿತ್ತು. ಎಲೆಕ್ಟ್ರಾನಿಕ್ಸ್ ಸಿಟಿಯಿಂದ ಅದೇ ಹೆದ್ದಾರಿಯಲ್ಲಿ ಅತ್ತಿಬೆಲೆ ದಾಟಿದರೆ ತಮಿಳುನಾಡು. ಹೊಸೂರಿನಲ್ಲಿ ಮನೆಮಾಡಿ ಇತ್ತ ಕೆಲಸಕ್ಕೆ ಬರುವವರು ಬಹಳ. ದೂರಸಂಪರ್ಕದ ಭೂಪಟದಲ್ಲಿ ಅವು ಎರಡು ಬೇರೆ ವಲಯಗಳು. ಗಡಿಯ ಹತ್ತಿರ ಫೋನು ಯಾವ ಗೋಪುರದ ಅಲೆಯನ್ನು ಹಿಡಿದೀತೆಂಬುದು ಫೋನಿನ ಮರ್ಜಿ. ಆಚೆಯದನ್ನು ಹಿಡಿದರೆ ಮನೆಯ ಹಜಾರದಲ್ಲಿ ಕುಳಿತವನೂ ‘ರೋಮಿಂಗ್‌’ನಲ್ಲಿ ಇದ್ದಂತೆ; ಬಂದ ಕರೆಗೂ ದುಡ್ಡು. ಕಾಸರಗೋಡು, ಬಳ್ಳಾರಿ, ಬೆಳಗಾವಿಯ ಗಡಿಯ ಜನರಿಗೂ ಇದು ಗೊತ್ತಿದ್ದ ಸಂಕಟವೇ. 2016-17ರ ಹೊತ್ತಿಗೆ ಜಿಯೋದ ಪೈಪೋಟಿಯಿಂದ ದೇಶದೊಳಗಿನ ರೋಮಿಂಗ್ ಶುಲ್ಕ ಹೇಳಹೆಸರಿಲ್ಲದಂತಾಗುವವರೆಗೆ ಅದು ಮುಗಿಯಲಿಲ್ಲ.

ನಕ್ಷತ್ರ ಒತ್ತಿದರೆ ಹಾಡು

ಪೋಸ್ಟ್‌ಪೇಯ್ಡಿನವನಿಗೆ ಜಗಳವಾಡಲು ಕೈಯಲ್ಲೊಂದು ಬಿಲ್ಲಾದರೂ ಇರುತ್ತದೆ. ಪ್ರೀಪೇಯ್ಡಿನವನಿಗೆ ಅದೂ ಇಲ್ಲ. ಪೀಣ್ಯ, ಬೊಮ್ಮಸಂದ್ರದ ಕಾರ್ಮಿಕರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಐಟಿ ಕಟ್ಟಡಗಳ ಕಾವಲುಗಾರರು ಎಲ್ಲ ಈ ವರ್ಗದವರು. ಇವರಿಂದ ದುಡ್ಡು ಕಳಚಿದ ಬಗೆ ‘ಮೌಲ್ಯವರ್ಧಿತ ಸೇವೆ’ ಎಂಬ ಘನವಾದ ಹೆಸರಿನದು. ಜ್ಯೋತಿಷ್ಯ, ಕ್ರಿಕೆಟ್ ಸ್ಕೋರು, ದಿನಕ್ಕೊಂದು ಜೋಕು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಕರೆ ಮಾಡಿದವರಿಗೆ ಕೇಳಿಸುವ ಸಿನಿಮಾ ಹಾಡು. ಸಾಮಾನ್ಯವಾಗಿ ತಿಂಗಳಿಗೆ 30 ರೂಪಾಯಿ, ಹಾಡಿಗೆ ಬೇರೆ. ಇನ್ನೊಬ್ಬರ ಫೋನಿನಲ್ಲಿ ಕೇಳಿದ ಹಾಡು ಬೇಕಿದ್ದರೆ ನಕ್ಷತ್ರದ ಗುಂಡಿ ಒತ್ತಿದರೆ ಸಾಕು ಎಂದು ಹೆಣ್ಣುದನಿಯೊಂದು ಹೇಳುತ್ತಿತ್ತು. ಪರದೆಯ ಮೇಲೆ ತಾನಾಗಿ ಮೂಡುವ ಇಂಗ್ಲಿಷ್ ಸಂದೇಶಕ್ಕೆ ಅದನ್ನು ತೊಲಗಿಸಲೆಂದು ‘ಓಕೆ’ ಒತ್ತಿದರೂ ಸೇವೆ ಚಾಲೂ. ಕೈಯಲ್ಲಿ ಫೋನು ಹಿಡಿದ ಮಗು ಒತ್ತಿದರೂ ಅಷ್ಟೇ. ತಿಂಗಳ ಕೊನೆಗೆ ಐವತ್ತರ ಬ್ಯಾಲೆನ್ಸು ಇಪ್ಪತ್ತಾಗಿರುತ್ತಿತ್ತು. ಯಾವಾಗ, ಏಕೆ ಎಂಬುದಕ್ಕೆ ಚೀಟಿಯಿಲ್ಲ.

ಅಂತರ್ಜಾಲದ ಕಥೆಯೂ ಹೀಗೆಯೇ. ಹಳೆಯ ಗುಂಡಿ ಫೋನುಗಳಲ್ಲಿ ಬೆರಳು ತಪ್ಪಿ ಒತ್ತಿದರೆ ಜಾಲ ತೆರೆದುಕೊಳ್ಳುತ್ತಿತ್ತು. ಪ್ಯಾಕ್ ಇಲ್ಲದವರಿಗೆ 10 ಕಿಲೋಬೈಟಿಗೆ 10 ಪೈಸೆ ಎಂಬಂಥ ದರ. ಕೇಳಲು ಎಷ್ಟು ಅಗ್ಗ! ಗುಣಿಸಿ ನೋಡಿ: ಒಂದು ಮೆಗಾಬೈಟಿಗೆ ಹತ್ತು ರೂಪಾಯಿ, ಒಂದು ಗಿಗಾಬೈಟಿಗೆ ಹತ್ತು ಸಾವಿರ ರೂಪಾಯಿಗೂ ಮೇಲು. ಅಳತೆಯ ಪಾತ್ರೆಯನ್ನು ತೀರ ಚಿಕ್ಕದು ಮಾಡಿ ಬೆಲೆ ಹೇಳುವುದು ಸಂತೆಯಷ್ಟೇ ಹಳೆಯ ಜಾಣತನ.

ಇದು ನಮ್ಮಲ್ಲಷ್ಟೇ ನಡೆದದ್ದಲ್ಲ. ಅಮೆರಿಕದಲ್ಲಿ ಗ್ರಾಹಕರು ಕೇಳದ ಮೂರನೆಯವರ ಸೇವೆಗಳನ್ನು ಬಿಲ್ಲಿಗೆ ತುರುಕಿದ್ದಕ್ಕೆ 2014ರಲ್ಲಿ ಎಟಿ ಅಂಡ್ ಟಿ ಕಂಪೆನಿ 10.5 ಕೋಟಿ ಡಾಲರುಗಳ ರಾಜಿ ಮಾಡಿಕೊಳ್ಳಬೇಕಾಯಿತು. ಭಾರತದಲ್ಲಿ ಟ್ರಾಯ್ 2011ರಲ್ಲೂ 2013ರಲ್ಲೂ ನಿರ್ದೇಶನ ಹೊರಡಿಸಿ, ಇಂಥ ಸೇವೆಗೆ ಗ್ರಾಹಕನ ಎರಡನೆಯ ಒಪ್ಪಿಗೆ ಕಡ್ಡಾಯವೆಂದಿತು. ಬೇಡವಾದದ್ದನ್ನು ನಿಲ್ಲಿಸಲು 155223 ಎಂಬ ಎಲ್ಲ ಕಂಪೆನಿಗಳಿಗೂ ಸಮಾನವಾದ ಉಚಿತ ಸಂಖ್ಯೆ ಬಂತು. 2015ರಲ್ಲಿ ಅಂತರ್ಜಾಲಕ್ಕೂ 1925 ಎಂಬ ಸಂಖ್ಯೆ ಬಂತು. ಕನ್ನಡಿಗರಿಗೆ ಮುಖ್ಯವಾದ ಒಂದು ಸಂಗತಿ 2012ರ ಮಾರ್ಚಿನ ನಿರ್ದೇಶನದಲ್ಲಿದೆ. ಜಾಹೀರಾತು ಪ್ರಾದೇಶಿಕ ಭಾಷೆಯಲ್ಲಿದ್ದರೆ ತಿಳಿಸಲೇಬೇಕಾದ ಷರತ್ತುಗಳೂ ಅದೇ ಭಾಷೆಯಲ್ಲಿ ಇರಬೇಕು. ಆಮಿಷ ಕನ್ನಡದಲ್ಲಿ, ಕರಾರು ಇಂಗ್ಲಿಷಿನಲ್ಲಿ ಎಂಬ ವ್ಯವಸ್ಥೆಗೆ ಕಾಗದದ ಮೇಲಾದರೂ ತಡೆ ಬಿತ್ತು.

ಆಯುಷ್ಯದ ಅರ್ಥ

ಪದಗಳ ಅರ್ಥವನ್ನೇ ಬಗ್ಗಿಸಿದ ಪ್ರಸಂಗವೆಂದರೆ ‘ಲೈಫ್‌ಟೈಮ್’ ಯೋಜನೆ. 2005ರ ಕೊನೆಯಲ್ಲಿ 999 ರೂಪಾಯಿ ಒಮ್ಮೆ ಕಟ್ಟಿದರೆ ಆಜೀವ ಪರ್ಯಂತ ಬರುವ ಕರೆ ಉಚಿತ ಎಂದು ಕಂಪೆನಿಗಳು ಸಾರಿದವು. ಜನ ಮುಗಿಬಿದ್ದರು. ಊರಲ್ಲಿರುವ ಅಪ್ಪ ಅಮ್ಮಂದಿರಿಗೆ ಒಂದೊಂದು ಕೊಡಿಸಿದರೆ ಜವಾಬ್ದಾರಿ ತೀರಿತು ಎಂಬ ಭಾವನೆ. ಯಾರ ಆಯುಷ್ಯ ಎಂಬ ಪ್ರಶ್ನೆ ತಡವಾಗಿ ಎದ್ದಿತು. 2006ರ ಮಾರ್ಚಿನಲ್ಲಿ ಟ್ರಾಯ್ ಅದನ್ನು ಇತ್ಯರ್ಥ ಮಾಡಿತು: ಗ್ರಾಹಕನ ಆಯುಷ್ಯವಲ್ಲ, ಸೇವೆ ಕೊಡಲು ಕಂಪೆನಿಗೆ ಅನುಮತಿ ಇರುವಷ್ಟು ಕಾಲ. ಆರು ತಿಂಗಳಿಗೊಮ್ಮೆ 200 ರೂಪಾಯಿ ಹಾಕಿಸಬೇಕೆಂಬ ನಿಯಮವೂ ಇತ್ತೆಂದು ಸಂಪರ್ಕ ಕಡಿದಾಗಲೇ ಹಲವರಿಗೆ ತಿಳಿದದ್ದು.

ಗ್ರಾಹಕರು ಬದುಕಿದ್ದಾರೆ, ಕಂಪೆನಿಗಳು ಇಲ್ಲ. ರಿಲಯನ್ಸ್ ಕಮ್ಯುನಿಕೇಷನ್ಸ್ 2017ರ ಕೊನೆಗೆ ಮೊಬೈಲ್ ಕರೆಯ ಸೇವೆ ನಿಲ್ಲಿಸಿತು, ಏರ್‌ಸೆಲ್ 2018ರಲ್ಲಿ ದಿವಾಳಿಯಾಯಿತು, ಟಾಟಾದ ಮೊಬೈಲ್ ವ್ಯವಹಾರ 2019ರಲ್ಲಿ ಏರ್‌ಟೆಲ್ ಸೇರಿತು. ಉಳಿದವರೂ 2018ರ ಕೊನೆಯಲ್ಲಿ 28 ದಿನಕ್ಕೊಮ್ಮೆ ಕನಿಷ್ಠ 35 ರೂಪಾಯಿ ಹಾಕಿಸದಿದ್ದರೆ ಬರುವ ಕರೆಯೂ ನಿಲ್ಲುತ್ತದೆ ಎಂದರು. ಖಾತೆಯಲ್ಲಿ ಹಣ ಇದ್ದವರ ಸಂಪರ್ಕವನ್ನು ತಕ್ಷಣ ಕಡಿಯಬೇಡಿ ಎಂದು ಟ್ರಾಯ್ ಎಚ್ಚರಿಸಬೇಕಾಯಿತು. ಈ 28 ದಿನದ ‘ತಿಂಗಳು’ ಯಾವ ಪಂಚಾಂಗದ್ದೋ! ಅದರ ಲಾಭವಂತೂ ಸ್ಪಷ್ಟ. ವರ್ಷಕ್ಕೆ ಹನ್ನೆರಡರ ಬದಲು ಹದಿಮೂರು ರೀಚಾರ್ಜು. 30 ದಿನದ ಅವಧಿಯ ಒಂದೊಂದು ಯೋಜನೆಯಾದರೂ ಇರಲೇಬೇಕೆಂದು ಟ್ರಾಯ್ ಆದೇಶಿಸಿದ್ದು 2022ರ ಜನವರಿಯಲ್ಲಿ.

ಸಿಮ್ ಅಂಗಡಿಯ ಕೌಂಟರಿನಲ್ಲಿ ಬಿಲ್ಲಿಗಿಂತ ದೊಡ್ಡದೂ ಕೈಬಿಟ್ಟುಹೋದೀತೆಂದು ತೋರಿಸಿದ್ದು 2017. ನಂಬರಿಗೆ ಆಧಾರ್ ಜೋಡಿಸಲೆಂದು ಬೆರಳೊತ್ತಿದ ಲಕ್ಷಾಂತರ ಏರ್‌ಟೆಲ್ ಗ್ರಾಹಕರ ಹೆಸರಿನಲ್ಲಿ ಅವರಿಗೆ ಸರಿಯಾಗಿ ತಿಳಿಯದೆಯೇ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆಯಲಾಗಿತ್ತು. ಅಡುಗೆ ಅನಿಲದ ಸಬ್ಸಿಡಿ ಹಳೆಯ ಬ್ಯಾಂಕಿಗೆ ಬರುವುದು ನಿಂತು ಆ ಹೊಸ ಖಾತೆಗಳಿಗೆ ಹರಿಯಿತು. ಸಬ್ಸಿಡಿ ಏಕೆ ಬರಲಿಲ್ಲವೆಂದು ಜನ ಗ್ಯಾಸ್ ಏಜೆನ್ಸಿಗೂ ಬ್ಯಾಂಕಿಗೂ ಅಲೆದರು. ಆಧಾರ್ ಪ್ರಾಧಿಕಾರ ಆ ಡಿಸೆಂಬರಿನಲ್ಲಿ ಕಂಪೆನಿಯ ಆಧಾರ್ ಪರಿಶೀಲನೆಯ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು, ಹಣ ಹಿಂದಿರುಗಿತು. 2018ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು ಪೇಮೆಂಟ್ಸ್ ಬ್ಯಾಂಕಿಗೆ 5 ಕೋಟಿ ರೂಪಾಯಿ ದಂಡ ಹಾಕಿತು.

ದೂರು ಯಾರಿಗೆ?

ಇಷ್ಟೆಲ್ಲ ನಿಯಮಗಳಿದ್ದೂ ಬಿಲ್ಲು ತಪ್ಪಿದವನು ಎಲ್ಲಿಗೆ ಹೋಗಬೇಕು? ಟ್ರಾಯ್ ವೈಯಕ್ತಿಕ ದೂರುಗಳನ್ನು ವಿಚಾರಿಸುವುದಿಲ್ಲ. ಅದರ ಕಾಯಿದೆಯಲ್ಲಿ ಅದಕ್ಕೆ ಅಂಥ ಅಧಿಕಾರವಿಲ್ಲ. ಮೊದಲು ಕಂಪೆನಿಯ ದೂರು ಕೇಂದ್ರ, ಅದು ಕೊಡುವ ಡಾಕೆಟ್ ಸಂಖ್ಯೆ. ಸಮಾಧಾನವಾಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರ, ಅಲ್ಲಿ 39 ದಿನಗಳಲ್ಲಿ ತೀರ್ಮಾನ. ಲೆಕ್ಕ ಬರೆದವನ ಬಳಿಯೇ ಲೆಕ್ಕದ ದೂರು!

ಹೊರಗಿನ ಬಾಗಿಲೆಂದರೆ ಗ್ರಾಹಕ ನ್ಯಾಯಾಲಯ. ಆದರೆ 2009ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಟೆಲಿಫೋನ್ ಬಿಲ್ಲಿನ ವಿವಾದ ಗ್ರಾಹಕ ವೇದಿಕೆಗೆ ಬರುವಂಥದಲ್ಲ ಎಂದುಬಿಟ್ಟಿತು. ಆಧಾರ 1885ರ ಟೆಲಿಗ್ರಾಫ್ ಕಾಯಿದೆಯ 7ಬಿ ಕಲಮು. ಅದರ ಪ್ರಕಾರ ಇಂಥ ವ್ಯಾಜ್ಯ ಪಂಚಾಯಿತಿದಾರರ ಮುಂದೆ ಹೋಗಬೇಕು. ತಂತಿಯ ಕಾಲದ ಕಾನೂನು ಮೊಬೈಲಿನವರಿಗೆ ಗುರಾಣಿಯಾಯಿತು. ಖಾಸಗಿ ಕಂಪೆನಿ ‘ಟೆಲಿಗ್ರಾಫ್ ಪ್ರಾಧಿಕಾರ’ ಅಲ್ಲವೆಂದು ದೂರಸಂಪರ್ಕ ಇಲಾಖೆಯೇ 2014ರಲ್ಲಿ ಹೇಳಿದರೂ ತಕರಾರು ನಿಲ್ಲಲಿಲ್ಲ.

ಅದನ್ನು ಮುಗಿಸಿದ್ದು ಅಹಮದಾಬಾದಿನ ಗ್ರಾಹಕರೊಬ್ಬರ ಬಿಲ್ಲು. ಅವರ ತಿಂಗಳ ಬಾಡಿಗೆ 249 ರೂಪಾಯಿ, ಸರಾಸರಿ ಬಿಲ್ಲು 555 ರೂಪಾಯಿ. 2013ರ ನವೆಂಬರ್-ಡಿಸೆಂಬರಿನ ಒಂದು ತಿಂಗಳಿಗೆ ಬಂದದ್ದು 24,609 ರೂಪಾಯಿ. ಬ್ಯಾಂಕಿನ ಕಾರ್ಡಿನಿಂದ ತಾನಾಗಿ ಹಣ ಹೋಗುವ ಏರ್ಪಾಡು ಬೇರೆ ಇತ್ತು. ವೊಡಾಫೋನ್ ಐಡಿಯಾ ಈ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದಿತು. 2022ರ ಫೆಬ್ರುವರಿ 16ರಂದು ನ್ಯಾಯಾಲಯ, 7ಬಿ ಕಲಮು ಗ್ರಾಹಕನ ಹಕ್ಕಿಗೆ ಅಡ್ಡಬಾರದು, ಅವನು ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂದು ತೀರ್ಪಿತ್ತಿತು. ಬಾಗಿಲು ಸಂದೇಹವಿಲ್ಲದೆ ತೆರೆದುಕೊಳ್ಳಲು ಹನ್ನೆರಡೂವರೆ ವರ್ಷ ಬೇಕಾಯಿತು. ಈಗ 5 ಲಕ್ಷ ರೂಪಾಯಿವರೆಗಿನ ಸೇವೆಯ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಏಕಪಕ್ಷೀಯ ಕರಾರಿನ ವಿರುದ್ಧ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಪ್ರತ್ಯೇಕ ಅವಕಾಶವೂ ಉಂಟು.

ಆದರೂ ಮುನ್ನೂರು ರೂಪಾಯಿಯ ತಕರಾರಿಗೆ ಒಂದು ದಿನದ ಕೂಲಿ ಬಿಟ್ಟು ಯಾರು ಹೋಗುತ್ತಾರೆ? ಬಾಕಿ ಉಳಿಸಿಕೊಂಡರೆ ನಂಬರನ್ನು ಬೇರೆ ಕಂಪೆನಿಗೆ ಒಯ್ಯಲಾಗದು. ಸಂಬಳದ ಖಾತೆ, ಗ್ಯಾಸು, ಮಕ್ಕಳ ಶಾಲೆ ಎಲ್ಲವೂ ಆ ಹತ್ತು ಅಂಕಿಗಳಿಗೆ ಕಟ್ಟಿಕೊಂಡಿವೆ. ವಸೂಲಿಯವರ ಫೋನು, ವಕೀಲರ ಹೆಸರಿನ ನೋಟೀಸು ಬಂದ ಮೇಲೆ ಹೆಚ್ಚಿನವರು ಗೊಣಗುತ್ತಾ ಕಟ್ಟಿಬಿಡುತ್ತಾರೆ. ಕಂಪೆನಿಗಳ ಗಟ್ಟಿಯಾದ ಕರಾರು ಕಾಗದದಲ್ಲಿ ಇಲ್ಲ, ಈ ನಂಬರಿನಲ್ಲಿದೆ.

ಟ್ರಾಯ್ 2024ರ ಡಿಸೆಂಬರಿನಲ್ಲಿ ಮತ್ತೊಂದು ತಿದ್ದುಪಡಿ ತಂದಿತು. ಅಂತರ್ಜಾಲ ಬೇಡದವರಿಗೆ ಬರೀ ಮಾತು ಮತ್ತು ಸಂದೇಶದ ಪ್ಯಾಕನ್ನು ಕೊಡಲೇಬೇಕು, ಅವಧಿ 365 ದಿನದವರೆಗೂ ಇರಬಹುದು ಎಂಬುದು ಅದರ ತಿರುಳು. ಗುಂಡಿ ಫೋನು ಇಟ್ಟುಕೊಂಡ ಹಿರಿಯರಿಗೂ ಕೂಲಿಕಾರರಿಗೂ ಇದರಿಂದ ಹಗುರವಾದೀತೆಂಬ ನಿರೀಕ್ಷೆ. 2025ರ ಜನವರಿಯಲ್ಲಿ ಏರ್‌ಟೆಲ್ ಮತ್ತು ಜಿಯೋ ಅಂಥ ಪ್ಯಾಕುಗಳನ್ನು ತಂದವು. ಅವುಗಳಲ್ಲಿ ಚಿಕ್ಕದು 84 ದಿನದ್ದು, ದೊಡ್ಡದು ವರ್ಷದ ಆಸುಪಾಸಿನದು. ಚಿಕ್ಕದಕ್ಕೂ ಒಮ್ಮೆಗೇ 400 ರೂಪಾಯಿಗಿಂತ ಹೆಚ್ಚು ಕೊಡಬೇಕಿತ್ತು. ತಿಂಗಳಿಗೊಮ್ಮೆ ಇನ್ನೂರು ರೂಪಾಯಿ ಹೊಂದಿಸಿಕೊಂಡು ಅಂಗಡಿಗೆ ಬರುವವನು ಆಗ ತೆಗೆದುಕೊಂಡದ್ದು ಮೊದಲಿನಂತೆಯೇ ಅಂತರ್ಜಾಲವೂ ಸೇರಿದ 28 ದಿನದ ಪ್ಯಾಕನ್ನು.